ಡ, ಅ, ಸ, ದ

ಕಂಪ್ಯೂಟರು ಮೂರೂವರಿ ಅದಾವ ನಮ್ಮಲ್ಲಿ.
ಅರ್ಧದ್ದು ಮೌನೇಶನ ಲ್ಯಾಪ್‌ಟಾಪು,
ಬೆನ್ನಿಗೆ ಟೇಬಲ್ ಫ್ಯಾನು ಹಚ್ಚಿದರ ಮಾತ್ರ
ಉಸಿರಾಡತದ.
ಸ್ವಿಚ್ ಡಬ್ಬಿ ಸಾಬಣ್ಣ ತಂದ,
ಯಾವ ಆಫೀಸಿನ ಅಟ್ಟದ್ದು ಅಂತ ಕೇಳಬ್ಯಾಡ್ರಿ.
ನೀಲಿ ಕೇಬಲ್ಲು ನೀರಿನ ಕೊಡದ ಹಿಂದ ಹಾದು
ಪಡಸಾಲಿಗೆ ಬಂತು.
ಉಳಿದದ್ದು ಕೀಬೋರ್ಡು.

ಐತವಾರ ಯಾದಗಿರಿಯಾಗ ಪ್ಯಾಸೆಂಜರ್ ಹತ್ತಿ,
ವಾಡಿಯೊಳಗ ಸುಮ್‌ಸುಮ್ನ ಅರ್ಧ ತಾಸು ನಿಂತು,
ಕಲಬುರಗಿ ಸೂಪರ್ ಮಾರ್ಕೆಟ್ಟು.
ಪ್ರಿಂಟರಿನ ಮಸಿ ತರೋದೈತಿ ಅಂತ
ಸಣ್ಣವ್ವನೂ ಬಂದಳು ಜೋಡಿ.

ಅಂಗಡಿಯಂವ ಒಂದೊಂದ ಡಬ್ಬಿ ಬಿಚ್ಚಿ
ಮದುವಿ ಸೀರಿ ಹಾಸಿದಂಗ ಹಾಸಿದ.
ಇದು ಬಣ್ಣ ಬದಲಸತದ,
ಇದು ಚಾ ಚೆಲ್ಲಿದರೂ ಸಾಯಂಗಿಲ್ಲ,
ಇದರ ಕೀಲಿ ಒಂದೊಂದೂ ಐದು ಕೋಟಿ ಸಲ ಒತ್ತಬಹುದು.
ಐದು ಕೋಟಿ!
ದಿನಕ್ಕ ಹತ್ತು ಸಾವಿರ ಹಿಡಿದರೂ ಹದಿಮೂರು ವರ್ಷ,
ಸಾಬಣ್ಣ ಬೆರಳ ಮಡಚಿ ಲೆಕ್ಕ ಹಾಕಿದ,
ಅಷ್ಟೊತ್ತಿಗೆ ನಮ್ಮ ತಲಿ ಬೋಳಾಗಿರತದ ಅಂದ.

ಖಾಜಾಹುಸೇನನಿಗೆ ಟಕ್‌ ಟಕ್ ಅನ್ನೋದೇ ಬೇಕು.
ಸಪ್ಪಳಿಲ್ಲಂದ್ರ ಹೊಡದಂಗ ಅನಸೂದಿಲ್ಲಂತ.
ಗೋಡಿ ಆಚೆ ಮಲಗಂವ ಲೈನ್‌ಮನ್ ರಾಯಪ್ಪ,
ಅಂವ ಎಚ್ಚರಾದರ
ಇಡೀ ಓಣಿ ಕರೆಂಟು ಹೋಗತದ
ಅಂತ ನಾ ನೆನಪ ಮಾಡಿದೆ.

ಸಣ್ಣವ್ವ ಮಸಿ ಬಾಟ್ಲಿ ಚೀಲಕ್ಕ ಹಾಕಿ
ಕೈ ಒರಸಿಕೊಂಡು ಬಂದು
ಕಣ್ಣು ಮುಚ್ಚಿ
ವಾಯರಿಲ್ಲದ ಕೀಬೋರ್ಡಿನ ಮ್ಯಾಲ ಎರಡೂ ಕೈ ಇಟ್ಟಳು.
ತೋರಬೆರಳಿಗೆ ಎರಡು ಗುಬಟು ಸಿಕ್ಕವು.
ತಹಶೀಲ ಕಚೇರಿ ಎದುರು, ಬೇವಿನ ಗಿಡದ ಬುಡಕ್ಕ
ಹತ್ತೊಂಬತ್ತು ವರ್ಷದಿಂದ ಒತ್ತೇ ಒತ್ತಿದ ಬೆರಳು.
ಮಾನ್ಯರಲ್ಲಿ ವಿನಂತಿ, ಅಂತ
ಯಾವ ಪರದೆಗೂ ಕಾಣದಂಗ ಒಂದು ಸಾಲು ಹೊಡದಳು.

ಇದು ಬರೇ ದೀಪ.
ಇದರ ಸ್ಪೇಸು ಒಂದು ಕಡಿ ತಡಾ ಮಾಡಿ ಏಳತದ.
ಇದು ಒಳಗ ಕೊಳೆತ ಬಾಳೆಹಣ್ಣು, ಬ್ಯಾಡ.
ನಾಲ್ಕೂ ಒಂದ ನಮೂನಿ ಯಾಕ್ರೋ?
ನಿಮ್ಮ ಕೈ ಒಂದ ನಮೂನಿ ಅದಾವೇನು?

ಸಾಬಣ್ಣನ ಹೆಬ್ಬೆರಳಿಗೆ ಅಗಲದ್ದು.
ಉಗುರು ಕಚ್ಚೋ ಖಾಜಾಗ ತಗ್ಗಿನ ಕೀಲಿ.
ಮೌನೇಶಗ ನಂಬರಿಲ್ಲದ ಮೋಟು,
ಮೌಸಿಗೆ ಜಾಗಾ ಸಿಗಲಿ ಅಂತ.
ರೊಕ್ಕ ಅಲ್ಲಿಗೇ ಮುಗೀತು.
ನನ್ನ ಪಾಲಿಗೆ
ಸಣ್ಣವ್ವನ ಅಂಗಡಿಯ ಹಳೇದು ಬಂತು.

ಮೈತುಂಬ ಕನ್ನಡದ ಚೀಟಿ ಅಂಟಿಸಿದ್ದು.
ಅರ್ಜಿ, ಅಫಿಡವಿಟ್ಟು, ಆದಾಯ, ಅನುಕಂಪ,
ಇಷ್ಟು ಬರೆದು ಅ ಅಳಿಸಿಹೋಗಿ
ಬರೇ ಹೊಳಪು ಉಳಿದದ.
ಆಟದಾಗ ಮುಂದ ಹೋಗಾಕ ಡ,
ಎಡಕ್ಕ ಅ, ಹಿಂದಕ್ಕ ಸ, ಬಲಕ್ಕ ದ.
ಬಾಗಿಲು ತೆರಿಯೂದು, ಬಿದ್ದದ್ದು ಎತ್ತೂದು
ಅಕ್ಷರನೇ ಅಲ್ಲ, ಒತ್ತಿನ ಗುರುತು,
ಎರಡನ್ನ ಕೂಡಿಸೂದು ಅದರ ಕೆಲಸ.

ಖಾಜಾನ ಅಕ್ಕಗ ಮೆಹಂದಿ ಇತ್ತು ಒಂದಿನ,
ಅಂವ ಬರಲಿಲ್ಲ.
ನಂದು ನನಗ ಕೊಡು, ನೀ ಅತ್ತ ಕೂಡು ಅಂದಳು ಸಣ್ಣವ್ವ.
ಮೊದಲನೇ ನಿಮಿಷಕ್ಕ ಸತ್ತಳು.
ಎರಡನೇದಕ್ಕ ಮತ್ತ ಸತ್ತಳು.
ಸಣ್ಣವ್ವ, ಗೋಡಿ ಮರಿಗಿ ನಿಂದ್ರು!
ಇರಲಿ ಬಿಡೋ, ತಿರಸ್ಕಾರಾದರ
ಮತ್ತ ಅರ್ಜಿ ಹಾಕೂದು.

ಏಳನೇ ಸಲ ಬದುಕಿದಳು.
ಕೀಲಿ ಕಡಿ ಒಮ್ಮೆಯೂ ನೋಡಲಿಲ್ಲ,
ನಾವು ಮೂವರು ಬಿದ್ದಲ್ಲೇ ಬಾಯಿ ತೆರಕೊಂಡು
ಆಕಿ ಹ್ವಾದ ದಾರಿ ನೋಡಿದಿವಿ.
ದ ಕಡಿ ಬಂದಾನ! ಅಂತ ಕೂಗಿದ ಮೌನೇಶ,
ತನಗ ಗೊತ್ತಿಲ್ಲದಂಗ.

ನಿನ್ನೆ ಗಾಡಿ ಮ್ಯಾಲ ಕಚೇರಿಗೆ ಬಿಡಾಕ ಹೊಂಟಿದ್ದೆ.
ಸ್ಟೇಷನ್ ರೋಡಿನ್ಯಾಗ ಹಿಂದಿನಿಂದ ಭುಜಕ್ಕ ತಟ್ಟಿ
ಅ, ಅ, ಅಂದಳು.
ಎಡಕ್ಕ ಹೊರಳಿಸಿದೆ.